ಆವತಿಯ ನಾಡಪ್ರಭುಗಳ ವಲಸೆಯೂ ಒಂದು ನಿರಾಕೃತ ಸಂಬಂಧವೂ

ದೇವನಹಳ್ಳಿಯ ತಾಲ್ಲೂಕಿಗೆ ಸೇರಿದ ಆವತಿಯು ಈಗ ಸಾಮಾನ್ಯವಾದ ಗ್ರಾಮವು. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಗಾರರೂ, ಬೆಂಗಳೂರನ್ನು ಕಟ್ಟಿಸಿದ ಯಲಹಂಕದ ಪ್ರಭುಗಳೂ ತಮ್ಮ ಮೂಲವನ್ನು ಈ ಆವತಿಗೇ ಒಯ್ದು ಮುಟ್ಟಿಸುವರು. ಇವರ ಮೂಲಪುರುಷರು ಇಲ್ಲಿಗೆ ಬಂದುದಕ್ಕೆ ಹೇಳುವ ಕಾರಣವಾದರೋ ಯುದ್ಧವಲ್ಲ, ಕ್ಷಾಮವಲ್ಲ. ಕೇಳಿ ಬಂದ ಒಂದು ಹೆಣ್ಣು.

ಕಥೆಯು ಹೀಗಿದೆ. ಕಾಂಚಿಯ ಸೀಮೆಯಲ್ಲಿದ್ದ ಮೊರಸು ಒಕ್ಕಲಿಗರ ಮುಖಂಡನಾದ ರಣಭೈರೇಗೌಡನ ಮನೆಯಲ್ಲಿ ದೊಡ್ಡಮ್ಮನೆಂಬ ಕನ್ಯೆಯಿದ್ದಳು. ಸಮಾನಕುಲದವನಲ್ಲದ ಬಲಿಷ್ಠನಾದ ಅಧಿಪತಿಯೊಬ್ಬನು ಆ ಸಂಬಂಧವನ್ನು ಬಯಸಿದನು. ಕೊಡಲು ಮನಸ್ಸಿಲ್ಲ, ಕೊಡೆವೆಂದರೆ ಅವನ ಸೇಡಿಗೆ ಗುರಿಯಾಗಬೇಕು. ಏಳು ಮಂದಿ ಸೋದರರು ಬಂಡಿಗಳಲ್ಲಿ ಸಂಸಾರವನ್ನು ಹೇರಿಕೊಂಡು ಹೊರಟರು. ಬೆನ್ನಟ್ಟಿದವರು ಸಮೀಪಿಸುವಾಗ ತುಂಬಿ ಹರಿಯುತ್ತಿದ್ದ ಪಾಲಾರು ಕನ್ಯೆಯ ಪ್ರಾರ್ಥನೆಗೆ ಇಬ್ಭಾಗವಾಗಿ ದಾರಿಕೊಟ್ಟಿತಂತೆ. ಅವರು ನಂದಿಯ ಬಳಿಯ ರಾಮಸ್ವಾಮಿಬೆಟ್ಟದ ತಪ್ಪಲಲ್ಲಿ ಬಂಡಿ ಬಿಟ್ಟು, ಬಳಿಕ ಆವತಿಯಲ್ಲಿ ನೆಲೆಸಿದರು.

ನದಿಯು ಸೀಳಿದ ಮಾತನ್ನು ನಂಬಬೇಕಾದುದಿಲ್ಲ. ಉಳಿದುದನ್ನಾದರೂ ಚರಿತ್ರೆಯೆಂದು ಹಿಡಿಯಬಹುದೇ? ಇಲ್ಲಿ ಎಚ್ಚರಿಕೆ ಬೇಕು. ರಾಜನು ಹೆಣ್ಣು ಕೇಳಿದನು, ಕುಲದವರು ಒಲ್ಲೆವೆಂದರು ಎಂಬ ಕಥೆಯು ದಕ್ಷಿಣದ ಹಲವು ಜಾತಿಗಳಲ್ಲಿದೆ. ಪೆನುಗೊಂಡದ ವಾಸವಿಯ ಕಥೆಯು ಎಲ್ಲರಿಗೂ ತಿಳಿದುದು. ಒಂದೇ ಅಚ್ಚಿನ ಕಥೆಯು ಇಷ್ಟು ಕಡೆ ದೊರೆಯುವಾಗ ಅದನ್ನು ಯಾವುದೊಂದು ವಲಸೆಗೂ ಸಾಕ್ಷಿಯೆನ್ನಲಾಗದು.

ಫಿರಿಸ್ತನು ಹೇಳುವ ಮುದುಗಲ್ಲಿನ ವೃತ್ತಾಂತವನ್ನು ಇದರೊಡನೆ ಇಟ್ಟು ನೋಡಬೇಕು. ಅಕ್ಕಸಾಲೆಯೊಬ್ಬನ ಮಗಳ ರೂಪಗುಣಗಳನ್ನು ಬ್ರಾಹ್ಮಣನೊಬ್ಬನು ವಿಜಯನಗರದ ಒಂದನೆಯ ದೇವರಾಯನಿಗೆ ಬಣ್ಣಿಸುತ್ತಾನೆ. ಅರಸನು ಕಾಣದ ಕನ್ಯೆಗೆ ಆಭರಣಗಳನ್ನು ಕಳುಹಿಸುತ್ತಾನೆ. ತಾಯ್ತಂದೆಗಳು ಹಿಗ್ಗುತ್ತಾರೆ, ಹುಡುಗಿ ಒಪ್ಪುವುದಿಲ್ಲ. ಅರಮನೆಯನ್ನು ಹೊಕ್ಕವಳು ತವರನ್ನು ಮತ್ತೆ ಕಾಣಳೆಂಬುದು ಅವಳ ಆಕ್ಷೇಪ. ದಂಡು ಬರುವಷ್ಟರಲ್ಲಿ ಮನೆಯವರು ಓಡಿಹೋಗಿದ್ದರು. ಇದರಿಂದಲೇ 1406ರ ಯುದ್ಧವು ಹುಟ್ಟಿತೆಂದೂ, ಸಂಧಿಯಲ್ಲಿ ದೇವರಾಯನು ತನ್ನ ಮಗಳನ್ನೂ ಬಂಕಾಪುರವನ್ನೂ ಬಹಮನಿಯ ಫಿರೋಜಷಹನಿಗೆ ಕೊಡಬೇಕಾಯಿತೆಂದೂ ಅವನು ಬರೆಯುತ್ತಾನೆ. ಆ ಮದುವೆಯಾದರೂ ಶಾಂತಿ ತರಲಿಲ್ಲ. ಬೀಳ್ಕೊಡುವಾಗ ಮಾವನು ಅರ್ಧದಾರಿಯಿಂದಲೇ ಹಿಂದಿರುಗಿದನೆಂದು ಅಳಿಯನು ಹಗೆ ಸಾಧಿಸಿದನಂತೆ! ಫಿರಿಸ್ತನು ಬಿಜಾಪುರದಲ್ಲಿ ಬರೆದುದು ಸುಮಾರು ಇನ್ನೂರು ವರ್ಷಗಳ ಮೇಲೆ. ಕೃಷ್ಣಾ-ತುಂಗಭದ್ರೆಗಳ ನಡುವಣ ಭೂಮಿಗಾಗಿ ಹಿಂದಿನಿಂದಲೂ ನಡೆಯುತ್ತಿದ್ದ ಕಾಳಗಕ್ಕೆ ಒಂದು ಹೆಣ್ಣೇ ಕಾರಣವೆಂದರೆ ಒಪ್ಪುವುದು ಕಷ್ಟ.

ಹಾಗಾದರೆ ಆವತಿಯ ಕಥೆಯು ನಿಷ್ಪ್ರಯೋಜಕವೇ? ನನಗೆ ಹಾಗೆ ತೋರುವುದಿಲ್ಲ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಹಿರಿಯ ಮಗಳ ನಿಶ್ಚಿತಾರ್ಥಕ್ಕೆ ಮುಂಚೆ ಕಿವಿ ಚುಚ್ಚುವಾಗ, ತಾಯಿಯು ತನ್ನ ಬಲಗೈಯ ಕಡೆಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಕೊಳ್ಳುವ ಕ್ರೂರವಾದ ಪದ್ಧತಿಯಿದ್ದುದನ್ನು ವಿಲ್ಕ್ಸನು ವಿವರಿಸಿದ್ದಾನೆ. ಭಸ್ಮಾಸುರನಿಗೆ ಹೆದರಿ ಅಡಗಿದ್ದ ಶಿವನನ್ನು ಒಕ್ಕಲಿಗನೊಬ್ಬನು ಕಿರುಬೆರಳಿನಿಂದ ತೋರಿಸಿಕೊಟ್ಟನು. ಆ ಬೆರಳಿಗೆ ಬದಲಾಗಿ ಅವನ ಹೆಂಡತಿ ತನ್ನ ಎರಡನ್ನು ಒಪ್ಪಿಸಿದಳು ಎಂಬುದು ಅದರ ಮೂಲಕಥೆ. ಮಗಳ ಸಂಬಂಧಕ್ಕೆ ತಾಯಿಯ ರಕ್ತದ ಬೆಲೆಯಿದ್ದ ಕುಲದವರು, ಹೊರಗಿನವನು ಬಲಾತ್ಕಾರದಿಂದ ಕೇಳಿದ ಹೆಣ್ಣನ್ನು ಕೊಡದೆ ನೆಲವನ್ನೇ ಬಿಟ್ಟರೆಂದು ಹೇಳಿಕೊಂಡುದು ಸಹಜವೇ ಸರಿ. ಎರಡು ಕಥೆಗಳಲ್ಲಿಯೂ ಗಂಡಸರ ಸಂಕಟವನ್ನು ಪರಿಹರಿಸುವವಳು ಹೆಂಗಸು. ಮುದುಗಲ್ಲಿನ ಹುಡುಗಿಗೆ ಫಿರಿಸ್ತನು ಮಾತು ಕೊಟ್ಟನು; ದೊಡ್ಡಮ್ಮನಿಗೆ ಆ ವರನು ಒಪ್ಪಿಗೆಯೇ ಎಂದು ಕೇಳಿದವರು ಕಥೆಯೊಳಗೆ ಯಾರೂ ಇಲ್ಲ.

ಬೆನ್ನಟ್ಟಿದವನ ಹೆಸರು ಉಳಿಯಲಿಲ್ಲ. ಓಡಿಬಂದವರ ವಂಶದ ಮಲ್ಲಭೈರೇಗೌಡನು 1501ರಲ್ಲಿ ದೇವನದೊಡ್ಡಿಯಲ್ಲಿ ಕೋಟೆ ಕಟ್ಟಿಸಿದನು. ಆ ದೊಡ್ಡಿಯೇ ದೇವನಹಳ್ಳಿ. 1749ರಲ್ಲಿ ಮೈಸೂರಿನ ದಂಡು ಅದನ್ನು ಹಿಡಿಯುವವರೆಗೂ ಅದು ಆ ಮನೆತನದ ಕೈಯಲ್ಲಿತ್ತು.