ಬಾಣಂತಿಯ ತಟ್ಟೆಯಿಂದ ಏನೇನು ತೆಗೆಯಬೇಕು?

ತಂಗಿಯ ಮಗುವಿಗೆ ಎರಡು ತಿಂಗಳಾಗಿದ್ದಾಗ ಮಲದಲ್ಲಿ ರಕ್ತದ ಎಳೆ ಕಾಣಿಸಿತು. ಮಗು ಕುಡಿಯುತ್ತಿದ್ದದ್ದು ತಾಯಿಯ ಹಾಲು ಮಾತ್ರ. "ನೀವು ಹಸುವಿನ ಹಾಲು, ಮೊಸರು ಎಲ್ಲ ಬಿಟ್ಟು ನೋಡಿ" ಅಂದರು ಡಾಕ್ಟರು. ಬಿಟ್ಟಳು. ಅಷ್ಟಕ್ಕೇ ಮುಗಿಯಲಿಲ್ಲ. ಮನೆಯ ಹಿರಿಯರು 'ನಂಜು' ಅಂತ ಬದನೆಕಾಯಿ ಬಿಡಿಸಿದರು, 'ವಾಯು' ಅಂತ ಆಲೂಗಡ್ಡೆ, ಕಡಲೆಬೇಳೆ ಬಿಡಿಸಿದರು. ಕೊನೆಗೆ ಉಳಿದದ್ದು ಅನ್ನ, ಮೆಣಸಿನ ಸಾರು. ಮೂರು ವಾರದಲ್ಲಿ ಮಗು ಸುಧಾರಿಸಿತು, ತಂಗಿ ಸೊರಗಿದಳು. "ಇಷ್ಟು ದಿನ ನಾನೇ ವಿಷ ಕುಡಿಸಿದೆನಾ ಅಣ್ಣಾ?" ಅಂತ ಫೋನಿನಲ್ಲಿ ಅತ್ತಳು. ಉತ್ತರ ಗೊತ್ತಿರಲಿಲ್ಲ. ಈ ಪಥ್ಯ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ.

'ಅಲರ್ಜಿ' ಅನ್ನೋ ಪದ ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆಯಿಂದ. 1912ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್, ಮೊಟ್ಟೆ, ಬಾದಾಮಿ, ಓಟ್ಸ್ ಒಗ್ಗದ ಒಬ್ಬ ಹುಡುಗನ ಚರ್ಮ ಗೀರಿ ಪರೀಕ್ಷೆ ಮಾಡಿ ತೋರಿಸಿದ. ಸರಿ, ಮೊಟ್ಟೆ ತಿಂದವನಿಗೆ ಮೊಟ್ಟೆ ಒಗ್ಗಲಿಲ್ಲ. ಮೊಟ್ಟೆಯನ್ನೇ ಕಾಣದ, ಮೊಲೆಹಾಲಿನ ಕೂಸಿಗೆ ಕಜ್ಜಿ ಏಳೋದು ಹೇಗೆ?

ಇದಕ್ಕೆ ಉತ್ತರ ಹುಡುಕಿದ್ದು ಡಬ್ಲ್ಯು. ಆರ್. ಶಾನನ್ ಅನ್ನೋ ಅಮೆರಿಕದ ವೈದ್ಯ, 1921ರಲ್ಲಿ. ಹಾಲಿನಲ್ಲಿರುವ ಅಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವ ರಸಾಯನಶಾಸ್ತ್ರ ಆಗ ಇರಲಿಲ್ಲ. ಹಾಗಾಗಿ ಗಿನಿಪಿಗ್‌ಗಳನ್ನೇ ತಕ್ಕಡಿ ಮಾಡಿಕೊಂಡ. ಅವುಗಳ ಸ್ವಭಾವ ವಿಚಿತ್ರ: ಹೊರಗಿನ ಪ್ರೋಟೀನು ಮೊದಲ ಸಲ ಚುಚ್ಚಿದರೆ ಸುಮ್ಮನಿರುತ್ತವೆ, ಕೆಲವು ವಾರ ಬಿಟ್ಟು ಅದನ್ನೇ ಚುಚ್ಚಿದರೆ ಉಸಿರುಕಟ್ಟಿ ಒದ್ದಾಡುತ್ತವೆ. ಮೊದಲು ತಾಯಿಯ ಹಾಲು, ಆಮೇಲೆ ಆಹಾರದ ಪ್ರೋಟೀನು. ಪ್ರಾಣಿ ಒದ್ದಾಡಿದರೆ ಆ ಪ್ರೋಟೀನು ತಾಯಿಯ ಹಾಲಿನಲ್ಲಿ ಇತ್ತು ಅಂತಲೇ ಅರ್ಥ! (ಪಾಪ, ಗಿನಿಪಿಗ್.) ತಾಯಿ ತಿಂದದ್ದು ಮಗುವಿಗೆ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದೂ ಇದನ್ನೇ. ಆದರೆ ಅಜ್ಜಿಯ ಪಟ್ಟಿಯಲ್ಲಿ ಬದನೆಕಾಯಿ ಇತ್ತು, ಹಾಲು ಇರಲಿಲ್ಲ!

ಅದೇ ದಶಕದ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಆಲ್ಬರ್ಟ್ ರೋ ಎಂಬಾತ ಹಾಲು, ಮೊಟ್ಟೆ, ಗೋಧಿ ಇಲ್ಲದ ಊಟದ ಪಟ್ಟಿಗಳನ್ನು ಮಾಡಿದ. ತೆಗೆ, ಕಾಯಿ, ಒಂದೊಂದಾಗಿ ಮತ್ತೆ ಸೇರಿಸು. ಈ ಮೂರನೆಯದನ್ನೇ ಜನ ಮರೆಯೋದು.

ಅದು ಎಷ್ಟು ಮುಖ್ಯ ಅಂತ ನನಗೆ ಹೊಳೆದದ್ದು ಸ್ವೀಡನ್ನಿನ ಲೆಕ್ಕ ನೋಡಿದಾಗ. ಮಾಲ್ಮೋದ ಯಾಕೊಬ್ಸನ್ ಮತ್ತು ಲಿಂಡ್‌ಬೆರಿ 1983ರಲ್ಲಿ ಪ್ರಕಟಿಸಿದ್ದು. ಗಂಟೆಗಟ್ಟಲೆ ಅಳುವ, ತಾಯಿಯ ಹಾಲು ಕುಡಿಯುವ 66 ಮಕ್ಕಳು. ತಾಯಂದಿರು ಹಸುವಿನ ಹಾಲು ಬಿಟ್ಟಾಗ 35 ಮಕ್ಕಳ ಅಳು ನಿಂತಿತು. ಮತ್ತೆ ಹಾಲು ಕುಡಿದಾಗ ಅಳು ಮರಳಿದ್ದು 23 ಮಕ್ಕಳಿಗೆ. ಅಂದರೆ ಉಳಿದ 12 ತಾಯಂದಿರು, ಮರುಪರೀಕ್ಷೆ ಮಾಡದೆ ಇದ್ದಿದ್ದರೆ, ಸುಮ್ಮನೆ ಹಾಲು ಬಿಟ್ಟುಕೊಂಡೇ ಇರುತ್ತಿದ್ದರು. ಅಂಥ ಅಳು ಮೂರ್ನಾಲ್ಕು ತಿಂಗಳಿಗೆ ತಾನಾಗಿಯೂ ಇಳಿಯುತ್ತದಲ್ಲ. ಇದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ, ನ್ಯೂಜಿಲೆಂಡಿನವರು 20 ಮಕ್ಕಳನ್ನು ನೋಡಿ ಹಸುವಿನ ಹಾಲಿಗೂ ಅಳುವಿಗೂ ಸಂಬಂಧ ಕಾಣಲಿಲ್ಲ ಅಂದಿದ್ದರು. ಈ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ದೊಡ್ಡ ಸಂಸ್ಥೆಗಳೂ ಎಡವಿದ್ದುಂಟು. ಅಲರ್ಜಿ ಬಾರದಂತೆ ತಡೆಯೋಕೆ, ಅಪಾಯ ಹೆಚ್ಚಿರುವ ಮಕ್ಕಳ ತಾಯಂದಿರು ಕಡಲೆಕಾಯಿ ಬಿಡಲಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತು. 2008ರಲ್ಲಿ, ಅದಕ್ಕೆ ಆಧಾರ ಸಾಲದು ಅಂತ ಹಿಂದೆ ಸರಿಯಿತು. ಆ ಎಂಟು ವರ್ಷ ಎಷ್ಟು ತಾಯಂದಿರು ಚಟ್ನಿಪುಡಿ ಬಿಟ್ಟಿದ್ದರೋ!

ಮಲದಲ್ಲಿ ರಕ್ತದ ವಿಷಯ ಬೇರೆ. ಅಲ್ಲಿ ಹಾಲಿನ ಪ್ರೋಟೀನೇ ಮೊದಲ ಶಂಕಿತ. ಹಸುವಿನ ಹಾಲಿನ ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್ ಅನ್ನು ಮನುಷ್ಯರ ಮೊಲೆ ತಯಾರಿಸುವುದೇ ಇಲ್ಲ. ಆದರೂ ಅದು ಎಷ್ಟೋ ತಾಯಂದಿರ ಹಾಲಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸಿಗುತ್ತದೆ. ಅದು ವಿಷವಲ್ಲ, ಮಗುವಿನ ಎಳೆಕರುಳಿಗೆ ಆಗದ್ದು ಅಷ್ಟೇ. ಬಹುಪಾಲು ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ಒಗ್ಗಿಹೋಗುತ್ತದೆ.

ಇದನ್ನೆಲ್ಲ ತಂಗಿಗೆ ಹೇಳಿದೆ. ಡಾಕ್ಟರನ್ನು ಕೇಳಿ ಕ್ಯಾಲ್ಸಿಯಂ ಮಾತ್ರೆ ಶುರುಮಾಡಿದಳು. ಒಂದೊಂದಾಗಿ ಎಲ್ಲ ತಟ್ಟೆಗೆ ವಾಪಸ್ ಬಂತು. ಮೊದಲು ಬದನೆಕಾಯಿ, ಏನೂ ಆಗಲಿಲ್ಲ. ಆಲೂಗಡ್ಡೆ, ಬೇಳೆ, ಏನೂ ಇಲ್ಲ. ಕೊನೆಗೆ ಡಾಕ್ಟರ ಒಪ್ಪಿಗೆ ಪಡೆದು ಒಂದು ಲೋಟ ಮಜ್ಜಿಗೆ. ಎರಡೇ ದಿನದಲ್ಲಿ ರಕ್ತದ ಎಳೆ ಮತ್ತೆ ಬಂತು. ಮಜ್ಜಿಗೆ ಮಾತ್ರ ಬಿಟ್ಟಳು. ಆ ಸಂಜೆ ಫೋನ್ ಮಾಡಿದಾಗ ಎಣ್ಣೆಗಾಯಿ ತಿನ್ನುತ್ತಿದ್ದಳು, ಆಮೇಲೆ ಮಾಡ್ತೀನಿ ಅಂತ ಇಟ್ಟೇಬಿಟ್ಟಳು.