ಗೆದ್ದವರು ತೆತ್ತ ಕಪ್ಪ

ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲಾ ದ್ವೀಪದ ಮೂಲನಿವಾಸಿಗಳಾದ ತೈನೋ ಜನರು ತಮ್ಮ ನೆಲವನ್ನು ‘ಅಯಿತಿ’ ಎಂದು ಕರೆಯುತ್ತಿದ್ದರು. ಬೆಟ್ಟಗಳ ನಾಡು ಎಂದು ಅದರ ಅರ್ಥ. 1492ರಲ್ಲಿ ಕೊಲಂಬಸ್ ಅಲ್ಲಿ ಕಾಲಿಟ್ಟ. ಕೆಲವೇ ದಶಕಗಳಲ್ಲಿ ಆ ಜನರು ಬಹುಮಟ್ಟಿಗೆ ಅಳಿದುಹೋದರು. 1697ರ ಒಪ್ಪಂದದಂತೆ ದ್ವೀಪದ ಪಶ್ಚಿಮ ಭಾಗ ಫ್ರಾನ್ಸಿಗೆ ಸೇರಿ ‘ಸಾನ್ ಡೊಮಾಂಗ್’ ಎನಿಸಿತು.

ಮುಂದಿನ ನೂರು ವರ್ಷಗಳಲ್ಲಿ ಆ ಪುಟ್ಟ ವಸಾಹತಿನಷ್ಟು ಸಂಪತ್ತು ಸುರಿದ ನೆಲ ಫ್ರಾನ್ಸಿಗೆ ಇನ್ನೊಂದಿರಲಿಲ್ಲ. ಯೂರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಐದರಲ್ಲಿ ಎರಡು ಪಾಲು, ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ಅದನ್ನು ಬೆಳೆದವರು ಸುಮಾರು 5 ಲಕ್ಷ ಗುಲಾಮರು. ಅವರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲಿ ಹುಟ್ಟಿ, ಹಡಗಿನ ತಳದಲ್ಲಿ ಸರಪಳಿ ತೊಟ್ಟು ಬಂದವರು. 14ನೆಯ ಲೂಯಿ 1685ರಲ್ಲಿ ಹೊರಡಿಸಿದ್ದ ‘ಕೋಡ್ ನ್ವಾರ್’ ಎಂಬ ಶಾಸನ ಅವರನ್ನು ಚರಸ್ವತ್ತು ಎಂದು ಘೋಷಿಸಿತ್ತು. ಮೊದಲ ಸಲ ಓಡಿಹೋದವನ ಕಿವಿ ಕತ್ತರಿಸಿ ಮೈಗೆ ಬರೆ, ಎರಡನೆಯ ಸಲ ಕಾಲಿನ ನರಕ್ಕೆ ಕತ್ತಿ, ಮೂರನೆಯ ಸಲ ಮರಣ ಎಂದು ಅದರಲ್ಲಿ ಬರೆದಿತ್ತು.

ಇತ್ತ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ಕೈಸೇರಿದ 1791ರಲ್ಲೇ, ಅತ್ತ ಆಗಸ್ಟ್ ತಿಂಗಳಲ್ಲಿ ಬ್ವಾ ಕೈಮಾನ್ ಎಂಬ ಕಾಡಿನಲ್ಲಿ ಗುಲಾಮರು ಗುಟ್ಟಾಗಿ ಕೂಡಿದರು. ಬುಕ್ಮನ್ ಎಂಬ ನಾಯಕ, ಸೆಸಿಲ್ ಫಾತಿಮಾನ್ ಎಂಬ ಪೂಜಾರಿಣಿ ಅಲ್ಲಿ ಆಣೆಯಿಡಿಸಿದರೆಂದು ಪರಂಪರೆ ಹೇಳುತ್ತದೆ. 22ರ ರಾತ್ರಿ ಉತ್ತರದ ಬಯಲಿನ ಕಬ್ಬಿನ ಗದ್ದೆಗಳಿಗೆ ಬೆಂಕಿ ಬಿತ್ತು. ಬ್ರೇಡಾ ಎಂಬ ತೋಟದಲ್ಲಿ ಸಾರೋಟು ಹೊಡೆಯುತ್ತಿದ್ದ, ಓದು ಬಲ್ಲ ತೂಸಾಂ ಲೂವೆರ್ತೂರ್ ಆ ದಂಗೆಯನ್ನು ಸೈನ್ಯವಾಗಿ ಕಟ್ಟಿದ. ಸ್ಪೇನನ್ನೂ ಬ್ರಿಟನ್ನನ್ನೂ ಎದುರಿಸಿ ನಿಂತ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಗುಲಾಮಗಿರಿಯ ರದ್ದತಿಗೆ ಒಪ್ಪಿತು. ಬಂಡೆದ್ದವರು ದ್ವೀಪದಲ್ಲಿ ಆಗಲೇ ಗಳಿಸಿದ್ದ ಬಿಡುಗಡೆಗೆ ಆ ಸಭೆ ಮೊಹರು ಒತ್ತಿತು, ಅಷ್ಟೇ.

ನೆಪೋಲಿಯನ್ ಆ ಮೊಹರನ್ನು ಅಳಿಸಲು ಹೊರಟ. 1801ರ ಕೊನೆಯಲ್ಲಿ ತನ್ನ ತಂಗಿಯ ಗಂಡ ಲೆಕ್ಲೇರನ ಕೈಯಲ್ಲಿ ದೊಡ್ಡ ದಂಡನ್ನು ಕಳಿಸಿದ. ಮಾತುಕತೆಗೆಂದು ಕರೆಸಿ ತೂಸಾಂನನ್ನು ಸೆರೆಹಿಡಿದರು. 1803ರ ಏಪ್ರಿಲ್ 7ರಂದು, ಫ್ರಾನ್ಸಿನ ಜೂರಾ ಬೆಟ್ಟದ ಕೋಟೆಯ ಚಳಿಯಲ್ಲಿ ಆತ ಪ್ರಾಣಬಿಟ್ಟ. ಆದರೆ ದ್ವೀಪ ಬಗ್ಗಲಿಲ್ಲ. ಹಳದಿ ಜ್ವರ ಫ್ರೆಂಚ್ ದಂಡನ್ನು ತಿಂದುಹಾಕಿತು. ಉಳಿದುದನ್ನು ಅದೇ ವರ್ಷದ ನವೆಂಬರ್ 18ರಂದು ವೆರ್ತಿಯೇರ್ ಕಾಳಗದಲ್ಲಿ ತೂಸಾಂನ ದಂಡನಾಯಕನಾಗಿದ್ದ ದೆಸಾಲಿನ್ ಸೋಲಿಸಿದ. 1804ರ ಜನವರಿ 1ರಂದು ಗೊನಾಯಿವ್ ಪಟ್ಟಣದಲ್ಲಿ ಸ್ವಾತಂತ್ರ್ಯದ ಘೋಷಣೆಯಾಯಿತು. ತೈನೋ ಜನರಿಟ್ಟ ಹಳೆಯ ಹೆಸರು ಹೈಟಿಯೆಂದು ಮರಳಿತು.

ಗೆಲುವಿನ ಬೆನ್ನಲ್ಲೇ ದೆಸಾಲಿನ್ ದ್ವೀಪದಲ್ಲಿ ಉಳಿದಿದ್ದ ಫ್ರೆಂಚರನ್ನು ಕೊಲ್ಲಿಸಿದ. ಹೆಂಗಸರು ಮಕ್ಕಳೂ ಅದರಲ್ಲಿ ಸತ್ತರು. ಆ ನೆತ್ತರನ್ನು ಚರಿತ್ರೆ ಮರೆಮಾಚಬಾರದು. ಅದೇ ರಾಜ್ಯದ 1805ರ ಸಂವಿಧಾನ ಹೇಳಿದ ಮಾತನ್ನೂ ಮರೆಯಬಾರದು. ಹೈಟಿಯ ಪ್ರಜೆಗಳೆಲ್ಲರನ್ನೂ, ಮೈಬಣ್ಣ ಏನೇ ಇರಲಿ, ಕರಿಯರೆಂದೇ ಕರೆಯತಕ್ಕದ್ದು ಎಂದು ಅದು ವಿಧಿಸಿತು. ನೆಪೋಲಿಯನ್ನನ ದಂಡಿನಲ್ಲಿ ಬಂದು, ಅನ್ಯಾಯದ ಯುದ್ಧವೆಂದು ತಿಳಿದು ಈಚೆ ಸೇರಿದ ಪೋಲೆಂಡಿನ ಸೈನಿಕರೂ ಹೀಗೆ ಹೈಟಿಯ ಪ್ರಜೆಗಳಾದರು. ಹೀನಾಯವಾಗಿ ಬಳಸಿದ್ದ ಪದವೊಂದು ಪೌರತ್ವದ ಹೆಸರಾಯಿತು. 1816ರ ಸಂವಿಧಾನ ಇನ್ನೂ ಮುಂದೆ ಹೋಗಿ, ಹೈಟಿಗೆ ಬಂದು ನೆಲೆಸುವ ಆಫ್ರಿಕನ್ ಮೂಲದವರಿಗೂ ಅಮೆರಿಕದ ಮೂಲನಿವಾಸಿಗಳಿಗೂ ಬಾಗಿಲು ತೆರೆಯಿತು.

ಆ ಸಂವಿಧಾನಕ್ಕೂ ಮೊದಲೇ ಹೈಟಿಯ ಬಾಗಿಲು ತಟ್ಟಿದವರಲ್ಲಿ ದಕ್ಷಿಣ ಅಮೆರಿಕದ ಬಿಡುಗಡೆಯ ನಾಯಕ ಸಿಮೋನ್ ಬೊಲಿವಾರ್ ಒಬ್ಬ. ಸ್ಪೇನಿನ ವಿರುದ್ಧ ಸೋತು, ಆಸರೆ ಹುಡುಕುತ್ತ 1815ರ ಡಿಸೆಂಬರಿನಲ್ಲಿ ಹೈಟಿಯ ದಡ ಮುಟ್ಟಿದ. ಅಧ್ಯಕ್ಷ ಪೆತಿಯೋನ್ ಅವನಿಗೆ ಸಾವಿರಾರು ಬಂದೂಕು, ಮದ್ದುಗುಂಡು, ಹಡಗಿಗೆ ನಾವಿಕರು, ಒಂದು ಮುದ್ರಣ ಯಂತ್ರವನ್ನೂ ಕೊಟ್ಟ. ಪ್ರತಿಯಾಗಿ ಹಣ ಕೇಳಲಿಲ್ಲ. ಬಿಡುಗಡೆ ಮಾಡುವ ನೆಲದಲ್ಲೆಲ್ಲ ಗುಲಾಮರನ್ನು ಬಿಡುಗಡೆ ಮಾಡು ಎಂದಷ್ಟೇ ಕೇಳಿದ. 1816ರ ಜೂನ್‌ನಲ್ಲಿ ಬೊಲಿವಾರ್ ವೆನೆಜುವೆಲಾದ ಕರೂಪಾನೋದಲ್ಲಿ ಆ ಘೋಷಣೆ ಹೊರಡಿಸಿದ. ಆದರೆ ಅಮೆರಿಕ ಖಂಡದ ಹೊಸ ರಾಷ್ಟ್ರಗಳು 1826ರಲ್ಲಿ ಪನಾಮದಲ್ಲಿ ಸಭೆ ಸೇರಿದಾಗ ಹೈಟಿಗೆ ಕರೆಯಿರಲಿಲ್ಲ.

ಸೋತವರು ಗೆದ್ದವರಿಗೆ ಕಪ್ಪ ಒಪ್ಪಿಸುವುದು ಹಳೆಯ ಲೋಕದ ರೂಢಿ. 1825ರಲ್ಲಿ ಆ ರೂಢಿ ತಲೆಕೆಳಗಾಯಿತು. ಫ್ರಾನ್ಸಿನ ದೊರೆ 10ನೆಯ ಚಾರ್ಲ್ಸ್ 14 ಯುದ್ಧನೌಕೆಗಳನ್ನು ಕಳಿಸಿದ. ಅವುಗಳ ಜೊತೆ ಏಪ್ರಿಲ್ 17ರ ತಾರೀಕಿನ ಒಂದು ಆಜ್ಞಾಪತ್ರ ಬಂತು. ಸ್ವಾತಂತ್ರ್ಯ ಮನ್ನಣೆಯಾಗಬೇಕಾದರೆ ಹಳೆಯ ತೋಟದ ಒಡೆಯರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಬೇಕು, ಐದು ಕಂತುಗಳಲ್ಲಿ. ಒಡೆಯರು ಕಳೆದುಕೊಂಡ ನೆಲ, ಕಟ್ಟಡಗಳ ಜೊತೆಗೆ ಬಿಡುಗಡೆಯಾದ ಮನುಷ್ಯರ ಬೆಲೆಯೂ ಆ ಲೆಕ್ಕದಲ್ಲಿತ್ತು. ತಮ್ಮ ಮೈಯನ್ನು ತಾವೇ ಎರಡನೆಯ ಸಲ ಕೊಳ್ಳಬೇಕಾಯಿತು ಆ ಜನ.

ತೋಪುಗಳ ಎದುರು ಅಧ್ಯಕ್ಷ ಬೊಯೇ ಒಪ್ಪಿದ. ಮೊದಲ ಕಂತು ಕಟ್ಟಲು ಪ್ಯಾರಿಸ್ಸಿನ ಸಾಹುಕಾರರಿಂದಲೇ 3 ಕೋಟಿ ಸಾಲವೆತ್ತಿದ. ಅವರು ತಮ್ಮ ಪಾಲು ಮುರಿದುಕೊಂಡು ಕೈಗಿತ್ತದ್ದು 2 ಕೋಟಿ 40 ಲಕ್ಷ. ಕಪ್ಪದ ಮೇಲೆ ಸಾಲ, ಸಾಲದ ಮೇಲೆ ಬಡ್ಡಿ. 1826ರಲ್ಲಿ ರೈತರನ್ನು ತೋಟಗಳಿಗೇ ಕಟ್ಟಿಹಾಕುವ ಕಾಯಿದೆ ಬಂತು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿದರೂ ಭಾರ ಇಳಿಯಲಿಲ್ಲ. ಶಾಲೆಗೆ, ರಸ್ತೆಗೆ, ಆಸ್ಪತ್ರೆಗೆ ಸಲ್ಲಬೇಕಿದ್ದ ಕಾಫಿಯ ಸುಂಕ ಕಡಲಾಚೆ ಹೋಯಿತು. ಕಪ್ಪದಿಂದ ಹುಟ್ಟಿದ ಸಾಲದ ಸರಪಳಿ ಕಡಿದದ್ದು 1947ರಲ್ಲಿ. ನಾವು ಸ್ವತಂತ್ರರಾದ ವರ್ಷ ಹೈಟಿ ತನ್ನ ಸ್ವಾತಂತ್ರ್ಯದ ಸಾಲ ತೀರಿಸಿತು.

2001ರಲ್ಲಿ ಡರ್ಬನ್‌ನಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನ ಗುಲಾಮಗಿರಿಯನ್ನು ಮನುಕುಲದ ಮೇಲಿನ ಅಪರಾಧವೆಂದು ಸಾರಿತು. 2003ರಲ್ಲಿ ಹೈಟಿ ಫ್ರಾನ್ಸಿನಿಂದ ಹಣ ಮರಳಿ ಕೇಳಿತು. ಆಫ್ರಿಕನ್ ಮೂಲದವರಿಗಾಗಿ ವಿಶ್ವಸಂಸ್ಥೆ 2015ರಿಂದ ಒಂದು ದಶಕವನ್ನು, 2025ರಿಂದ ಮತ್ತೊಂದನ್ನು ಮೀಸಲಿಟ್ಟಿದೆ. ಆಜ್ಞಾಪತ್ರಕ್ಕೆ 200 ವರ್ಷ ತುಂಬಿದ 2025ರ ಏಪ್ರಿಲ್ 17ರಂದು, ಆ ಚರಿತ್ರೆಯನ್ನು ಪರಿಶೀಲಿಸಲು ಎರಡೂ ದೇಶಗಳ ಇತಿಹಾಸಕಾರರ ಸಮಿತಿಯನ್ನು ಫ್ರಾನ್ಸ್ ಪ್ರಕಟಿಸಿತು.

ಪರಿಶೀಲನೆ ನಡೆಯಲಿ. ಆದರೆ ಮುಖ್ಯ ಸಂಗತಿಗೆ ಹೊಸ ಪುರಾವೆ ಬೇಕಿಲ್ಲ. ಆಜ್ಞಾಪತ್ರವಿದೆ, ಕಂತುಗಳ ಲೆಕ್ಕವಿದೆ, ಪಡೆದವರ ಪಟ್ಟಿಯಿದೆ. ಬೊಲಿವಾರನಿಂದ ಒಂದು ಕಾಸನ್ನೂ ಕೇಳದೆ ಖಂಡದ ಬಿಡುಗಡೆಗೆ ನೆರವಾದ ನಾಡು ಇಂದು ದಾನ ಬೇಡುತ್ತಿಲ್ಲ. ಬಲವಂತದಿಂದ ಕಿತ್ತುಕೊಂಡ ಕಪ್ಪ ಹಿಂದಿರುಗಬೇಕು; ನ್ಯಾಯವೆಂದರೆ ಅದು.