ಮುಖಪುಟದ ಮೇಲಿನ ಮುಖ ಯಾರದು?

ಪತ್ರಿಕೆಯನ್ನು ಓದುವುದಕ್ಕಿಂತ ಮೊದಲು ನಾವು ನೋಡುವುದು ಅದರ ಮುಖಪುಟವನ್ನು. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಪತ್ರಿಕೆಗಳ ನಡುವೆ ಅದು ಕೊಳ್ಳುವವನ ಕಣ್ಣನ್ನು ಕ್ಷಣಮಾತ್ರದಲ್ಲಿ ಸೆಳೆಯಬೇಕು. ಆದ್ದರಿಂದ ಮುಖಪುಟದ ಚಿತ್ರವನ್ನು ಆರಿಸುವುದು ಚಿತ್ರದಲ್ಲಿರುವವರಿಗಾಗಿ ಅಲ್ಲ, ಕೊಳ್ಳುವವರಿಗಾಗಿ. ಪತ್ರಿಕೆಗಳ ಇತಿಹಾಸವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.

1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಆರಂಭವಾದವು. ಇವು ಮನೆಮಂದಿಯೆಲ್ಲ ಓದುವ ವಾರಪತ್ರಿಕೆಗಳು. ಇಂಥ ಪತ್ರಿಕೆಗಳ ದೀಪಾವಳಿ ವಿಶೇಷಾಂಕ ಎಂದೊಡನೆ ರೇಷ್ಮೆ ಸೀರೆಯುಟ್ಟು ಹಣತೆ ಹಿಡಿದ ಹೆಣ್ಣುಮಗಳು ಕಣ್ಮುಂದೆ ಬರುತ್ತಾಳೆ. ಕೊಳ್ಳುವ ಕುಟುಂಬಕ್ಕೂ ಸೀರೆ, ಒಡವೆಯ ಜಾಹೀರಾತುದಾರರಿಗೂ ಆ ಚಿತ್ರ ಒಪ್ಪುತ್ತದೆ. 1980ರಲ್ಲಿ ಜಾಹೀರಾತಿಲ್ಲದೆ ಹೊರಟ ‘ಲಂಕೇಶ್ ಪತ್ರಿಕೆ’ಯಾದರೋ ‘ಜಾಣ ಜಾಣೆಯರ ಪತ್ರಿಕೆ’ ಎಂದು ತನ್ನ ಓದುಗರು ಯಾರೆಂಬುದನ್ನೇ ಸಾರಿಕೊಂಡಿತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಅಲ್ಲಿ ಮುಸ್ಲಿಂ ಮಹಿಳೆ ಇತರರು ತೆಗೆದ ಚಿತ್ರವಾಗಿರಲಿಲ್ಲ, ತನ್ನ ಬದುಕನ್ನು ತಾನೇ ಹೇಳುವ ಲೇಖಕಿಯಾಗಿದ್ದಳು.

ಚಿತ್ರಗಳಲ್ಲಿ ನಮ್ಮ ಸಮುದಾಯ ಹೆಚ್ಚಾಗಿ ಕಾಣುವುದು ಹಬ್ಬದ ದಿನ: ಈದ್ಗಾದಲ್ಲಿ ನಮಾಜಿನ ಸಾಲು, ಟೋಪಿ ಧರಿಸಿ ಅಪ್ಪಿಕೊಂಡ ಮಕ್ಕಳು. ಅದು ಸುಳ್ಳಲ್ಲ, ಆದರೆ ವರ್ಷದಲ್ಲಿ ಎರಡು ದಿನದ ಸತ್ಯ. ಮನೆಯಲ್ಲೂ ಕನ್ನಡವನ್ನೇ ಆಡುವ ಪಿಂಜಾರರು, ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರು, ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ರೈತರು ಉಳಿದ ದಿನಗಳ ಸತ್ಯ.

ಈ ಕೊರತೆ ನಮ್ಮ ನಾಡಿಗಷ್ಟೇ ಸೀಮಿತವಲ್ಲ. 1985ರ ಜೂನ್‌ನಲ್ಲಿ ಅಮೆರಿಕದ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟದಲ್ಲಿ ಹಸಿರು ಕಣ್ಣಿನ ಅಫ್ಘನ್ ಬಾಲಕಿಯ ಚಿತ್ರ ಬಂದಿತು. ಸ್ಟೀವ್ ಮೆಕರಿ ಅದನ್ನು ತೆಗೆದದ್ದು ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ, ಡೇರೆಯೊಂದರಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ. ಲೋಕ ಆಕೆಯಲ್ಲಿ ಕಂಡದ್ದು ನಿರಾಶ್ರಿತೆಯನ್ನು, ವಿದ್ಯಾರ್ಥಿನಿಯನ್ನಲ್ಲ. ಶರ್ಬತ್ ಗುಲಾ ಎಂಬ ಆಕೆಯ ಹೆಸರು ಜಗತ್ತಿಗೆ ತಿಳಿದದ್ದು 2002ರಲ್ಲಿ. ಆಕೆ ತನ್ನ ಆ ಚಿತ್ರವನ್ನು ಮೊದಲು ನೋಡಿದ್ದೂ ಆಗಲೇ! 2018ರಲ್ಲಿ ಅದೇ ಪತ್ರಿಕೆ ಇತಿಹಾಸಕಾರ ಜಾನ್ ಎಡ್ವಿನ್ ಮೇಸನ್ ಅವರಿಂದ ತನ್ನ ಹಳೆಯ ಸಂಚಿಕೆಗಳನ್ನು ಪರಿಶೀಲಿಸಿತು. ತನ್ನ ವರದಿಗಳಲ್ಲಿ ದಶಕಗಳ ಕಾಲ ಜನಾಂಗೀಯ ತಾರತಮ್ಯವಿತ್ತೆಂದು ಒಪ್ಪಿಕೊಂಡಿತು.

ಇನ್ನು ನಮ್ಮ ಆತ್ಮಾವಲೋಕನ. ವಾರ್ಷಿಕ ಸಂಚಿಕೆಗಳ ಮುಖಪುಟಕ್ಕೆ ನಾವು ಕಟ್ಟಡವನ್ನೋ ಹಾರ ಹಾಕಿಸಿಕೊಂಡ ಅತಿಥಿಗಳನ್ನೋ ಆರಿಸುತ್ತೇವೆ. ಆದರೆ ಆ ಸಂಚಿಕೆ ಹೋಗುವುದು ಮಗಳನ್ನು ಶಾಲೆ ಬಿಡಿಸಬೇಕೆಂದು ಯೋಚಿಸುತ್ತಿರುವ ತಂದೆಯ ಮನೆಗೂ ಹೌದು. ಪ್ರಯೋಗಾಲಯದಲ್ಲಿ ನಿಂತ ಪಕ್ಕದೂರಿನ ಹುಡುಗಿಯ ಚಿತ್ರ ಅವರಿಗೆ ಹೇಳುವ ಮಾತನ್ನು ಯಾವ ಕಟ್ಟಡವೂ ಹೇಳಲಾರದು. ಹಾಗೆ ಹಾಕುವಾಗ ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆಯೋಣ, ಚಿತ್ರದ ಕೆಳಗೆ ಹೆಸರು ಬರೆಯೋಣ, ಅಚ್ಚಾದ ಮೊದಲ ಪ್ರತಿಯನ್ನು ಆಕೆಯ ಕೈಗೇ ಕೊಡೋಣ.